ಹಾಡಿದವರು ಪೂರ್ಣಿಮಾ, ಕೇಳಿದವರು ಶೈಲಜಾ

ನನ್ನ ವಾರಗಿತ್ತಿ ಪೂರ್ಣಿಮಾಳ ಧ್ವನಿ ದೇವರು ಕೊಟ್ಟ ವರ ಎಂದು ಇವತ್ತು ಗದಗ-ಬೆಟಗೇರಿಯಷ್ಟೇ ಅಲ್ಲ, ಇಡೀ ರಾಜ್ಯ ಹೇಳುತ್ತದೆ. ಹೇಳಲಿ. ನನ್ನ ತಕರಾರು ಇಷ್ಟೇ: ಆ ವರದಲ್ಲಿ ಅರ್ಧ ಪಾಲು ನನ್ನ ಹೊಟ್ಟೆಕಿಚ್ಚಿನದು. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಯಂತ್ರವೇ ಹೇಳಿದೆ, ಪ್ರಯೋಗಾಲಯದ ಪರದೆಯ ಮೇಲೆ ಹಸಿರು ಗೆರೆಯಲ್ಲಿ ತೋರಿಸಿದ್ದಾರೆ. ಸಿಟ್ಟೂ ಇದೆ, ಅದು ಬೇರೆ ಮಾತು.

ನಾನು ಶೈಲಜಾ, ಈ ಮನೆಯ ಹಿರಿಯ ಸೊಸೆ. ಮದುವೆಗೆ ಮುಂಚೆ ಸಂಗೀತ ಕಲಿತೆ, ಮದುವೆಯಾದ ಮೇಲೆ ರೊಟ್ಟಿ ಬಡಿಯುತ್ತಾ ರಾಗ ಹಾಕುವುದನ್ನು ಕಲಿತೆ. ಶಾಲೆಯ ಸ್ನೇಹ ಸಮ್ಮೇಳನ, ಮದುವೆಯ ಆರತಿ, ಮಹಿಳಾ ಸಂಘದ ವಾರ್ಷಿಕೋತ್ಸವ, ಯಾವುದಕ್ಕೆ ಹಾಡು ಬೇಕಾದರೂ ಊರಿನವರು ನನ್ನ ಹತ್ತಿರ ಬರುತ್ತಿದ್ದರು. ರಾಗ ನನ್ನದು, ಹಾಡುವವರು ಇನ್ಯಾರೋ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೇಲಿನ ಸಾ ಮುಟ್ಟುವಾಗ ನನ್ನ ಧ್ವನಿ ಒಡೆಯುತ್ತದೆ. ನನ್ನ ರಾಗ ನನ್ನದೇ ಧ್ವನಿಯಲ್ಲಿ ಒಮ್ಮೆಯಾದರೂ ಜನರ ಕಿವಿಗೆ ಸರಿಯಾಗಿ ಬೀಳಬೇಕು ಎಂಬುದೊಂದೇ ನನಗಿದ್ದ ಆಸೆ. ದೊಡ್ಡ ಆಸೆಯೇನೂ ಅಲ್ಲ.

ಪೂರ್ಣಿಮಾ ನನ್ನ ಮೈದುನನ ಹೆಂಡತಿ. ಸರಿಗಮ ಕಲಿತವಳಲ್ಲ. ಆದರೆ ಅವಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಾ ಗುನುಗಿದರೆ ಎದುರು ಮನೆಯವರು ಟಿ.ವಿ. ಸದ್ದು ಕಡಿಮೆ ಮಾಡುತ್ತಾರೆ. ನಾನು ಹಾಡಿದರೆ ಕಿಟಕಿ ಮುಚ್ಚುತ್ತಾರೆ ಎಂದಲ್ಲ. ಏನೂ ಮಾಡುವುದಿಲ್ಲ. ಅದೇ ಸಂಕಟ.

ಮನೆಯಲ್ಲಿ ಸ್ಟುಡಿಯೋ ಮಾಡಿಕೊಟ್ಟವರು ನನ್ನ ಗಂಡ ಮಹಾಂತೇಶ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ಮಾತು ಕಡಿಮೆ, ಕೈ ಚುರುಕು. ನಡುಮನೆಯ ಪಕ್ಕದಲ್ಲಿ ಹಾಸಿಗೆ-ಹೊದಿಕೆ ಒಟ್ಟುವ ಕೋಣೆಯೊಂದಿತ್ತು. ಕಿಟಕಿಯಿಲ್ಲ, ಬೀದಿಯ ಗದ್ದಲ ಒಳಗೆ ಬರುವುದಿಲ್ಲ. ಆದರೆ ಅಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಗೋಡೆಗಳು ಟಣ್ಣೆಂದು ಎದುರುತ್ತರ ಕೊಡುತ್ತಿದ್ದವು. ಮೊದಲು ಈ ಗೋಡೆಗಳ ಬಾಯಿ ಮುಚ್ಚಿಸಬೇಕು ಎಂದರು. ಅತ್ತೆ ಕಸ್ತೂರೆವ್ವ ಹಳೇ ಸೀರೆಗಳಿಂದ ಹೊಲಿದ ಕೌದಿಗಳನ್ನೆಲ್ಲ ನನ್ನ ಗಂಡ ಹೊರಗೆ ತೆಗೆದು, ಗೋಡೆಯಿಂದ ನಾಲ್ಕು ಬೆರಳು ದೂರಕ್ಕೆ ಹಗ್ಗ ಕಟ್ಟಿ ತೂಗುಹಾಕಿದರು. ಗೋಡೆಗೇ ಒತ್ತಿ ಹಾಕಿದರೆ ಉಪಯೋಗ ಕಡಿಮೆ, ನಡುವೆ ಗಾಳಿ ಇರಬೇಕಂತೆ. ದಪ್ಪ ಸ್ವರಗಳು ಮೂಲೆಗಳಲ್ಲಿ ಕೂಡಿಕೊಂಡು ಗುಂಯ್ಗುಡುತ್ತವೆ ಎಂದು ಮೂಲೆಗೊಂದು ಅರಳೆ ಗಾದಿ ಸುತ್ತಿ ನಿಲ್ಲಿಸಿದರು. ಒಂದು ಮೈಕು, ಹೆಡ್‌ಫೋನು, ಹಳೇ ಲ್ಯಾಪ್‌ಟಾಪು, ನನ್ನ ಹಾರ್ಮೋನಿಯಂ ಪೇಟಿ. ಉಸಿರು ನೇರವಾಗಿ ಬಡಿಯದಂತೆ ಮೈಕಿನ ಮುಂದೆ ಕಸೂತಿಯ ದುಂಡು ಚೌಕಟ್ಟಿಗೆ ತೆಳುವಾದ ನೈಲಾನ್ ಬಟ್ಟೆ ಬಿಗಿದು ನಿಲ್ಲಿಸಿದ್ದು ಮಾತ್ರ ನನ್ನ ತಲೆ.

ಫ್ರಿಜ್ಜಿನ ಸದ್ದು ಮೈಕಿಗೆ ಬೀಳುತ್ತದೆ ಎಂದು ಹಾಡುವ ಮುಂಚೆ ಅದನ್ನು ಆರಿಸುತ್ತಿದ್ದೆವು. ಮತ್ತೆ ಹಚ್ಚುವುದನ್ನು ಮರೆಯುತ್ತಿದ್ದೆವು. "ಒಡದ ಹಾಲಿನ ಸಂಗೀತ" ಎಂದು ಅತ್ತೆ ನನ್ನ ಕಲೆಗೆ ಹೆಸರಿಟ್ಟರು. ಆಮೇಲೆ ನನ್ನ ಗಂಡ ಸ್ಕೂಟರಿನ ಕೀಲಿಕೈಯನ್ನು ಫ್ರಿಜ್ಜಿನೊಳಗೆ ಇಡುವ ಉಪಾಯ ಹುಡುಕಿದರು. ಅಂಗಡಿಗೆ ಹೊರಟಾಗ ಕೀಲಿಕೈ ಬೇಕೇ ಬೇಕು, ಬಾಗಿಲು ತೆಗೆದರೆ ಒಳಗೆ ಕತ್ತಲೆ, ಆಗ ನೆನಪಾಗುತ್ತದೆ.

ಇಷ್ಟೆಲ್ಲ ಮಾಡಿ ಹಾಡಿದ ಹಾಡು ಕೇಳಿದರೆ ಎಲ್ಲ ಇತ್ತು, ಏನೋ ಇರಲಿಲ್ಲ. ಗಂಟಲಿನ ಕರಕರ, ಪೇಟಿಯ ತಿದಿಯ ಉಸ್ಸು, ಎಲ್ಲವನ್ನೂ ಮೈಕು ಒಂದೇ ಸಮನೆ ನುಂಗಿತ್ತು. ಅಲ್ಲಿ ಹಾಡಿನ ವರದಿ ಇತ್ತು, ಹಾಡು ಇರಲಿಲ್ಲ.

ಅದೇ ಹೊತ್ತಿಗೆ ಹುಬ್ಬಳ್ಳಿಯ ಪ್ರಯೋಗಾಲಯವೊಂದು ಕೇಳುಟೊಪ್ಪಿಗೆ ಎಂಬ ಹೊಸ ಯಂತ್ರವನ್ನು ಮನೆಮನೆಗೆ ಪರೀಕ್ಷೆಗೆ ಕೊಡತೊಡಗಿತು. ಹೆಸರು ಕೊಟ್ಟವರಲ್ಲಿ ನಾನೂ ಒಬ್ಬಳು.

ಅಲ್ಲಿನ ಮುಖ್ಯಸ್ಥೆ ಡಾ. ರುಕ್ಸಾನಾ ನದಾಫ್. ನನ್ನದೇ ವಯಸ್ಸು, ಕುತ್ತಿಗೆಯಲ್ಲಿ ಸದಾ ಎರಡು ಕನ್ನಡಕ. ಗಾಜಿನ ಆಚೆ ಹತ್ತಾರು ಪರದೆಗಳಿದ್ದ ಕೋಣೆಯಲ್ಲಿ ನನ್ನನ್ನು ಕೂರಿಸಿಕೊಂಡು ಅವರು ವಿಷಯ ಹೇಳಿದರು.

"ಮೈಕ್ ಏನ್ ಹಿಡೀತೈತಿ? ಗಾಳಿ ಅಲುಗಾಡಿದ್ದನ್ನ ಹಿಡೀತೈತಿ. ಈ ಟೊಪ್ಪಿಗಿ ಹಂಗಲ್ರಿ. ಕೇಳೋರ ಮಿದುಳಿನಾಗ ಆ ಹಾಡು ಹೆಂಗ ಕೇಳಿಸ್ತು, ಅದನ್ನ ಹಿಡೀತೈತಿ. ಮತ್ತ ಅದನ್ನ ಹಂಗ ಸದ್ದು ಮಾಡಿ ಕೊಡತೈತಿ."

"ಎಲ್ಲಾರ ಕಿವಿಗೂ ಒಂದ ಹಾಡ ಅಲ್ಲೇನ್ರಿ ಕೇಳೂದು?" ಎಂದೆ.

"ಅದ ಮಜಾ ನೋಡ್ರಿ. ಕಿವಿಯಿಂದ ಮಿದುಳಿಗೆ ನರ ಹೋಗಿರತಾವು, ಎಲ್ಲಾರಿಗೂ ಗೊತ್ತು. ಮಿದುಳಿನಿಂದ ಕಿವಿಗೂ ವಾಪಸ್ ನರ ಬಂದಾವು. ಇದನ್ನ ಏರಿಸು, ಅದನ್ನ ಇಳಿಸು, ಇದು ಬ್ಯಾಡ ಬಿಡು ಅಂತ ಮಿದುಳು ಕಿವಿಗಿ ಹೇಳ್ಕೋತನ ಇರತೈತಿ. ಸಂತ್ಯಾಗ ನಿಮ್ಮ ಕೂಸು ಅತ್ತರ ನಿಮಗಷ್ಟ ಕೇಳ್ತದಲ್ಲ, ಹಂಗ. ನಾವೆಲ್ಲಾ ಕಿವಿಲೆ ಕೇಳ್ತೀವಿ ಅಂದ್ಕೊಂಡೇವಿ. ಕೇಳೂದು ಮನಸ್ಸಿಲೆ."

ಹಾಗಾಗಿ ಇನ್ನು ಮೇಲೆ ಸ್ಟುಡಿಯೋಕ್ಕೆ ಒಳ್ಳೆಯ ಹಾಡುಗಾರರಿದ್ದರೆ ಸಾಲದು, ಒಳ್ಳೆಯ ಕೇಳುಗರೂ ಬೇಕು. ಹಾಡಿನ ಕೆಳಗೆ ಎರಡು ಹೆಸರು ಹಾಕುವುದೆಂದು ತೀರ್ಮಾನವಾಗಿತ್ತು: ಹಾಡಿದವರು, ಕೇಳಿದವರು. ಪರೀಕ್ಷೆಗೆ ಸೇರಿದ ಮನೆಗಳಿಂದ ಬಂದ ಧ್ವನಿಮುದ್ರಿಕೆಗಳಲ್ಲಿ ಆಯ್ದವನ್ನು 'ಮುಂಜಾವು' ಎಂಬ ವಾಹಿನಿ ಬೆಳಗಿನ ಹಾಡಾಗಿ ರಾಜ್ಯಕ್ಕೆಲ್ಲ ಕೇಳಿಸುವುದಿತ್ತು. ನನಗೆ ಬೇಕಾದದ್ದು ಅದೇ. ಬೂದು ಬಣ್ಣದ ಟೊಪ್ಪಿಗೆ, ಪುಟ್ಟ ಪರದೆಯಿದ್ದ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಹಿಡಿದುಕೊಂಡು ಗದಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾಹಿನಿಯಲ್ಲಿ ನನ್ನ ಹೆಸರು ಹೇಳುವ ಧ್ವನಿ ಹೇಗಿರಬಹುದು ಎಂದು ಯೋಚಿಸುತ್ತಿದ್ದೆ.

ಆಗ ಎಲ್ಲರೂ ಒಂದೇ ತಪ್ಪು ಮಾಡಿದರು, ನಾನೂ ಮಾಡಿದೆ. ನಮ್ಮನ್ನು ಪ್ರೀತಿಸುವವರೇ ನಮ್ಮನ್ನು ಚೆನ್ನಾಗಿ ಕೇಳುತ್ತಾರೆ ಎಂದು ನಂಬಿದೆವು.

ಮೊದಲು ನನ್ನ ಗಂಡನಿಗೆ ಟೊಪ್ಪಿಗೆ ಹಾಕಿ ಕೂರಿಸಿದೆ. ಎದುರಿಗೆ ಕೂತು, ನಾನೇ ಬರೆದು ರಾಗ ಹಾಕಿದ ಹಾಡು ಹಾಡಿದೆ:

ಹಿತ್ತಲ ಬಾಗಿಲು ತೆರೆದೇ ಇಟ್ಟಿದ್ದೆ,
ಬೆಳಕು ಮುಂಬಾಗಿಲಿಗೇ ಬಂತು.

ಮುಗಿದ ಮೇಲೆ ಪೆಟ್ಟಿಗೆಯ ಗುಂಡಿ ಒತ್ತಿದೆವು. ನನ್ನ ಹಾಡು ದೂರದಲ್ಲೆಲ್ಲೋ ಮೆತ್ತಗೆ, ಇಂಪಾಗಿ, ಮುಖವಿಲ್ಲದಂತೆ ಕೇಳಿಸಿತು. ಅದರ ಮೇಲೆ ಮೋಟಾರಿನ ಗುಂಯ್ ಸದ್ದು.

"ರೀ, ನೀವು ಹಾಡು ಕೇಳಾಕತ್ತಿದ್ರೋ ಅಂಗಡೀದು ಯೋಚನೆ ಮಾಡಾಕತ್ತಿದ್ರೋ?"

"ಕೇಳಿದೆನಲ್ಲ. ಚಲೋ ಇತ್ತು," ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಅವರ ಕಿವಿಯಲ್ಲಿ ನಾನು ಯಾವಾಗಲೂ ಚಲೋ ಇರುತ್ತೇನೆ, ನಾನು ಹಾಡಲಿ ಬಿಡಲಿ. ಮೇಲಿನ ಸಾ ಒಡೆದಿರಲೂ ಇಲ್ಲ. ಅವರ ಮಿದುಳು ಅದನ್ನು ತಾನೇ ಬೆಸುಗೆ ಹಾಕಿಕೊಂಡಿತ್ತು.

ಆಮೇಲೆ ಅತ್ತೆ ಕೂತರು. ಅವರು ಕೇಳಿದ ನನ್ನ ಹಾಡಿನಲ್ಲಿ ಹಾಡಿಗಿಂತ ಹೆಚ್ಚಾಗಿ ಕುಕ್ಕರಿನ ಸೀಟಿ ಇತ್ತು. ಕೌದಿಗಳ ಆಚೆ, ಅಡುಗೆಮನೆಯಲ್ಲಿ, ನನಗೆ ಕೇಳಿಸದೇ ಇದ್ದ ಸೀಟಿ.

"ಬ್ಯಾಳಿ ಸೀಯತೈತೇನೋ ಅಂತ ಒಂದ್ ಜೀವ ಅತ್ತಾಗ ಇತ್ತವಾ," ಎಂದರು ಅತ್ತೆ. ನಂತರ ಬಾಗಿಲ ಹತ್ತಿರ ನಿಂತಿದ್ದ ಪೂರ್ಣಿಮಾಳನ್ನು ಕರೆದರು. "ನೀನೂ ಒಂದ್ ಸಾಲು ಅನ್ನ, ನೋಡೋಣು."

ಅವಳು ನನ್ನ ಹಾಡಿನ ಮೊದಲ ಸಾಲನ್ನೇ ಹಾಡಿದಳು. ಗುಂಡಿ ಒತ್ತಿದಾಗ ಸಕ್ಕರೆ ಪಾಕ ಸುರಿದಂತಾಯಿತು. ಕುಕ್ಕರಿಲ್ಲ, ಬ್ಯಾಳಿಯಿಲ್ಲ. ಬರೀ ಪೂರ್ಣಿಮಾ. ಅತ್ತೆಗೆ ಕಿರಿಯ ಸೊಸೆಯೆಂದರೆ ಅಕ್ಕರೆ ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅದನ್ನು ಪೆಟ್ಟಿಗೆಯೊಂದು ಗಟ್ಟಿಯಾಗಿ ಹಾಡಿ ತೋರಿಸುವುದು ಬೇರೆ. ಅಂದು ನನಗೆ ಊಟ ಸೇರಲಿಲ್ಲ. ಬ್ಯಾಳಿ ಸೀದಿರಲಿಲ್ಲ ಎಂಬುದು ಇನ್ನೂ ಸಿಟ್ಟು ತರಿಸಿತು.

ನಮ್ಮ ಮನೆಯದಷ್ಟೇ ಕಥೆಯಲ್ಲ ಇದು. ಟೊಪ್ಪಿಗೆ ಹೋದ ಮನೆಗಳಲ್ಲೆಲ್ಲ ಏನೇನೋ ಆಯಿತು. ಹಿಂದಿನ ಓಣಿಯ ಮಾಸ್ತರರು ತಮ್ಮ ಪಾಠ ಮಕ್ಕಳಿಗೆ ಹೇಗೆ ಕೇಳಿಸುತ್ತದೆ ಎಂದು ನೋಡಲು ಹೋಗಿ, ಬರೀ ಫ್ಯಾನಿನ ಸದ್ದು ಕೇಳಿ ಸ್ವಯಂನಿವೃತ್ತಿಗೆ ಅರ್ಜಿ ಹಾಕಿದರು. ಹೆಣ್ಣು ನೋಡಲು ಬರುವ ಹುಡುಗ ಉಪ್ಪಿಟ್ಟು ತಿನ್ನುವ ಮುಂಚೆ ಟೊಪ್ಪಿಗೆ ಹಾಕಿಕೊಂಡು ಹುಡುಗಿಯ ಮಾತು ಕೇಳಬೇಕು ಎಂದು ಕೆಲವು ಮನೆಯವರು ಷರತ್ತು ಹಾಕತೊಡಗಿದರು. ಅದರಲ್ಲಿ ಕೆಲವು ಸಂಬಂಧ ಕೂಡಿದವು, ಹೆಚ್ಚಿನವು ಉಪ್ಪಿಟ್ಟಿಗೇ ಮುಗಿದವು.

ಇತ್ತ ಪ್ರಯೋಗಾಲಯಕ್ಕೆ ಬಂದ ಮುದ್ರಿಕೆಗಳೆಲ್ಲ ಒಂದೇ ತರಹ. ತಾಯಿ ಕೇಳಿದ ಮಗನ ಹಾಡು, ಹೆಂಡತಿ ಕೇಳಿದ ಗಂಡನ ಹಾಡು, ಎಲ್ಲ ಸಿಹಿ, ಎಲ್ಲ ಮಸುಕು. ನದಾಫ್ ಮೇಡಂ ತಲೆಗೆ ಕೈಹೊತ್ತು ಕೂತಿದ್ದರು.

ಒಂದು ದಿನ ಅತ್ತೆ ಯಾರದೋ ಸೀಮಂತಕ್ಕೆ ಹೋಗಿದ್ದರು. ಗಂಡಸರು ಅಂಗಡಿಗೆ. ಪೂರ್ಣಿಮಾ ಬಂದು, "ಅಕ್ಕಾ, 'ಹಿತ್ತಲ ಬಾಗಿಲು' ಪೂರಾ ಕಲ್ತೀನ್ರಿ. ಒಂದ್ ಸಲ ಹಾಡ್ಲೇನ್ರಿ? ಕೇಳಾಕ ಯಾರೂ ಇಲ್ಲ, ನೀವ ಕುಂದರ್ರಿ," ಎಂದಳು.

ಯಾರು ಕಲಿಸಿದರು? ನಾನು ಕಲಿಸಿರಲಿಲ್ಲ. ಗೋಡೆಯಾಚೆಯಿಂದ ಕೇಳಿ ಕೇಳಿ ಕಲಿತಿದ್ದಳು. ಬೇಡ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಫ್ರಿಜ್ ಆರಿಸಿ ಬಂದು ಟೊಪ್ಪಿಗೆ ಹಾಕಿಕೊಂಡು ಕೂತೆ. ಎಲ್ಲಿ ತಪ್ಪುತ್ತಾಳೆ ನೋಡೋಣ ಎಂದು ಕೂತೆ, ನಿಜ ಹೇಳುತ್ತೇನೆ.

ಅವಳು ಎತ್ತಿಕೊಂಡಳು. ಮೊದಲ ತಿರುವಿನಲ್ಲಿ ತಪ್ಪುತ್ತಾಳೆ ಎಂದು ಕಾದೆ, ತಪ್ಪಲಿಲ್ಲ. ಗಾಂಧಾರದ ಮೇಲೆ ತಡೆಯದೇ ಓಡುತ್ತಾಳೆ ಎಂದುಕೊಂಡೆ, ನಾನು ನಿಲ್ಲುವುದಕ್ಕಿಂತ ಒಂದು ಕೂದಲೆಳೆ ಹೆಚ್ಚೇ ನಿಂತಳು. ಉಸಿರು ಎಲ್ಲಿ ಎಳೆದಳು? ಗೊತ್ತಾಗಬಾರದೆಂದು ಎಲ್ಲಿ ಕದ್ದಳು? ಆ ಜಾರು ಯಾವ ಸ್ವರದಿಂದ ಹೊರಟು ಎಲ್ಲಿ ಇಳಿಯಿತು? ಒಂದನ್ನೂ ಬಿಡದೆ ಹಿಂದೆ ಬಿದ್ದೆ. ಮೇಲಿನ ಸಾ ಬಂತು. ನಾನು ಹಲ್ಲು ಕಚ್ಚಿದೆ. ಅವಳು ಏಣಿ ಹತ್ತುವಷ್ಟು ಸಲೀಸಾಗಿ ಹತ್ತಿ ನಿಂತು, ಅಲ್ಲಿಂದ ಸುಮ್ಮನೆ ನನ್ನ ಕಡೆ ನೋಡಿದಳು. ನನ್ನ ಕಣ್ಣಲ್ಲಿ ನೀರು. ಅದು ಸಂತೋಷದ್ದಾಗಿರಲಿಲ್ಲ.

ಗುಂಡಿ ಒತ್ತಿದೆವು.

ಅಂತಹ ಹಾಡನ್ನು ನಾವಿಬ್ಬರೂ ಕೇಳಿರಲಿಲ್ಲ. ಪ್ರತಿ ಸ್ವರವೂ ಕೈಗೆ ಸಿಗುವಷ್ಟು ಹತ್ತಿರ. ಎರಡು ಸ್ವರಗಳ ನಡುವಿನ ಖಾಲಿ ಜಾಗವೂ ಕೇಳಿಸುತ್ತಿತ್ತು. ಪೂರ್ಣಿಮಾ ಬಾಯಿ ತೆರೆದುಕೊಂಡು ನಿಂತಿದ್ದಳು.

"ಅಕ್ಕಾ, ಇದು ನಾನಽ ಏನ್ರಿ?"

ಮುದ್ರಿಕೆಯನ್ನು ನಾನೇ ಹುಬ್ಬಳ್ಳಿಗೆ ಒಯ್ದೆ. ಒಯ್ಯದೇ ಇರಬಹುದಿತ್ತು. ಆದರೆ ರಾಗ ನನ್ನದಲ್ಲವೇ? ಅದು ಅಷ್ಟು ಚೆನ್ನಾಗಿ ಬಂದದ್ದನ್ನು ಅಳಿಸಿಹಾಕಲು ನನ್ನ ಕೈ ಬರಲಿಲ್ಲ.

ಗಾಜಿನ ಕೋಣೆಯಲ್ಲಿ ಅದನ್ನು ಕೇಳಿಸಿದಾಗ ಅಲ್ಲಿದ್ದವರು ಕೆಲಸ ಬಿಟ್ಟು ತಿರುಗಿ ಕೂತರು. ನದಾಫ್ ಮೇಡಂ ಕಣ್ಣಿಗೊಂದು ಕನ್ನಡಕ, ಹಣೆಗೊಂದು ಕನ್ನಡಕ ಏರಿಸಿಕೊಂಡು ಪರದೆಯ ಹಸಿರು ಗೆರೆ ನೋಡುತ್ತಾ ಕೇಳಿದರು: "ಇದನ್ನ ಕೇಳಿದೋರು ಯಾರ್ರೀ?"

"ನಾನಽ."

"ಹಾಡಿದೋರು ನಿಮಗ ಏನಾಗಬೇಕು?"

"ನೆಗೆಣ್ಣಿರಿ. ನನ್ನ ತಂಗಿ ಇದ್ದಂಗ. ಭಾಳ ಪ್ರೀತಿ," ಎಂದೆ.

ಅವರು ನನ್ನ ಮುಖ ನೋಡಿ ನಗಲಿಲ್ಲ. ಒಳ್ಳೆಯ ಹೆಂಗಸು. "ಶೈಲಜಾ ಅವರ, ಪ್ರೀತಿ ಇದ್ದಲ್ಲಿ ಈ ಗೆರಿ ಹಿಂಗ ಏಳೂದಿಲ್ಲರಿ. ಪ್ರೀತಿ ಮಾಡೋರು ಅರ್ಧ ಕೇಳಿ, ಉಳಿದರ್ಧ ತಾವ ತುಂಬ್ಕೋತಾರ. ತಪ್ಪಿದ್ರೂ ಕೇಳ್ಸಂಗಿಲ್ಲ, ಚಲೋ ಇದ್ರೂ ಕೇಳ್ಸಂಗಿಲ್ಲ. ನೀವು ಒಂದ್ ಎಳಿ ಸೈತ ಬಿಟ್ಟಿಲ್ಲ. ಇಷ್ಟ ನಿಗಾ ಕೊಟ್ಟು ಕೇಳಬೇಕಂದ್ರ..." ಎಂದು ಮಾತು ನಿಲ್ಲಿಸಿದರು.

"ಹೊಟ್ಟಿಕಿಚ್ಚಿರಬೇಕು," ಎಂದೆ.

"ನಾ ಹಂಗ ಅಂದಿಲ್ಲರಿ," ಎಂದರು. ಆದರೆ ಕೂಡಲೇ ಲೇಖನಿ ಎತ್ತಿಕೊಂಡು ಏನೋ ಗೀಚಿಕೊಂಡರು.

ತಿಂಗಳೊಳಗೆ 'ಮುಂಜಾವು' ಆ ಹಾಡನ್ನು ಕೇಳಿಸಿತು. "ಹಾಡಿದವರು ಪೂರ್ಣಿಮಾ, ಕೇಳಿದವರು ಶೈಲಜಾ," ಎಂದರು. ರಾಗ ಹಾಕಿದವರು ಎಂದು ಹೇಳುವ ಪದ್ಧತಿ ಅವರಲ್ಲಿರಲಿಲ್ಲ. ಓಣಿಯವರು ಪೂರ್ಣಿಮಾಳಿಗೆ ಶಾಲು ಹೊದಿಸಿದರು. ನನಗೆ, "ನೀವು ಭಾಳ ಚಲೋ ಕೇಳ್ತೀರಿ ಬಿಡ್ರಿ," ಎಂದರು. ಕೈಯಲ್ಲಿ ಲಿಂಬೆಹಣ್ಣಿನ ಪಾನಕದ ಗ್ಲಾಸಿತ್ತು. ಅವರ ಮುಖಕ್ಕೆ ಎರಚದೇ ಇದ್ದದ್ದು ನನ್ನ ಸಂಸ್ಕಾರ.

ಆಮೇಲೆ ನಡೆದದ್ದು ತಮಾಷೆ. ಆ ಸಂಜೆ ಪೂರ್ಣಿಮಾ ಶಾಲನ್ನು ತಂದು ನನ್ನ ಹೆಗಲಿಗೆ ಹಾಕಿ, ಕಾಲಿಗೆ ಬಿದ್ದಳು. "ಇದು ನಿಮ್ದು ಅಕ್ಕಾ. ನಾ ಏನ್ ಮಾಡೀನಿ, ಬರೇ ಬಾಯಿ ತಗದೀನಿ," ಎಂದು ಅತ್ತಳು. ಅವಳ ಮೂಗು ಕೆಂಪಾಗಿತ್ತು. ನನಗೆ ಪಾಪ ಎನಿಸಿತು. ಮುಂದಿನ ವಾರ ನಾನೇ ಹೊಸ ಹಾಡು ಕಲಿಸಿ, ತಲೆ ನೇವರಿಸಿ, ಟೊಪ್ಪಿಗೆ ಹಾಕಿಕೊಂಡು ಕೂತೆ. ಮುದ್ರಿಕೆ ತೆಗೆದು ನೋಡಿದರೆ ಸಪ್ಪೆ ಸಾರು! ನನ್ನ ಗಂಡ ಕೇಳಿದಂತೆ ಕೇಳಿದ್ದೆ. ಚಲೋ ಇತ್ತು, ಅಷ್ಟೇ. ಪ್ರಯೋಗಾಲಯದಿಂದ ಫೋನು ಬಂತು: "ಏನಾತ್ರೀ?" ಏನೆಂದು ಹೇಳಲಿ, ಪ್ರೀತಿ ಬಂತು ಎನ್ನಲೇ?

ಅದಾದ ಮೇಲೆ ಪೂರ್ಣಿಮಾ ಬದಲಾದಳು. ನಾನು ಸೋಸಿಟ್ಟ ಚಹಾವನ್ನು ತಾನು ಮಾಡಿದ್ದೆಂದು ಅತ್ತೆಗೆ ಕೊಟ್ಟಳು. ನಾನು ಬರುವುದು ಕಂಡು ಗುನುಗುವುದನ್ನು ಜೋರು ಮಾಡುತ್ತಿದ್ದಳು. ಎಲ್ಲಕ್ಕಿಂತ ದೊಡ್ಡದು ಬೋರಮಾಳ. ಅತ್ತೆಯ ಬಂಗಾರದ ಗುಂಡಿನ ಸರ, ಹಿರಿಯ ಸೊಸೆಗೆ ಹೋಗುವುದು ಈ ಮನೆಯ ರೀತಿ. ಹೊಸ ಹಾಡಿನ ಧ್ವನಿಮುದ್ರಣದ ದಿನ ಪೂರ್ಣಿಮಾ ಅದನ್ನು ಕೊರಳಿಗೆ ಹಾಕಿಕೊಂಡು ಸ್ಟುಡಿಯೋಕ್ಕೆ ಬಂದಳು.

"ಅತ್ತಿ ಕೊಟ್ರು ಅಕ್ಕಾ. ನನಗ ಒಪ್ಪತೈತಂತ," ಎಂದು ಸರವನ್ನು ಬೆರಳಿಗೆ ಸುತ್ತಿಕೊಂಡಳು.

ನನ್ನ ಕಿವಿಯ ತುದಿ ಬಿಸಿಯಾಯಿತು. ಟೊಪ್ಪಿಗೆ ಹಾಕಿಕೊಂಡೆ. ಅಂದು ಅವಳು ಹಾಡಿದ ಒಂದೊಂದು ಅಕ್ಷರವನ್ನೂ ಸುಲಿದು ಕೇಳಿದೆ. ಮುದ್ರಿಕೆ ಹೇಗೆ ಬಂತೆಂದು ಕೇಳುವುದೇ ಬೇಡ. ಮೊದಲಿನದನ್ನು ಮೀರಿಸಿತು. ಅವಳು ಹೊರಗೆ ಹೋದಳು. ನಾನು ಮುಖ ತೊಳೆಯಲು ಬಚ್ಚಲಿಗೆ ಹೊರಟೆ. ಅಡುಗೆಮನೆಯ ಬಾಗಿಲಲ್ಲಿ ಅವಳು ಸರ ಬಿಚ್ಚಿ ಅತ್ತೆಯ ಕೈಗೆ ಹಾಕುತ್ತಿದ್ದಳು.

"ತಗೋರಿ ಅತ್ತಿ. ಕೆಲಸಾತು."

"ಭಾಳ ಉರಕೊಂಡಳೇನ?" ಎಂದರು ಅತ್ತೆ.

"ಹೂಂರಿ, ಪಾಪ. ಹಾಡು ಮಾತ್ರ ಬಂಗಾರ ಆಗೈತಿ."

ಇಬ್ಬರೂ ನನ್ನನ್ನು ನೋಡಿದರು. ಅತ್ತೆ ಸರವನ್ನು ಸೆರಗಿನೊಳಗೆ ಅಡಗಿಸಿ ಬ್ಯಾಳಿ ಕಡೆ ತಿರುಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನನ್ನ ಹೊಟ್ಟೆಕಿಚ್ಚು ನನ್ನದೊಬ್ಬಳದೇ ಗುಟ್ಟು ಎಂದುಕೊಂಡಿದ್ದೆ. ಇವರು ಅದಕ್ಕೆ ದಿನಾ ಕಟ್ಟಿಗೆ ಹಾಕಿ ಊದುತ್ತಿದ್ದರು. ಅದಕ್ಕಿಂತ ಹೆಚ್ಚು ಉರಿ ತಂದದ್ದು ಇನ್ನೊಂದು: ನನ್ನನ್ನು ಹೇಗೆ ಉರಿಸಬೇಕೆಂದು ಅವಳಿಗೆ ಅಷ್ಟು ಸರಿಯಾಗಿ ಗೊತ್ತಿದ್ದದ್ದು. ಅದರಲ್ಲೂ ಅವಳೇ ಜಾಣೆ!

"ನಾಳೆ ನಾ ಹಾಡ್ತೀನಿ," ಎಂದೆ. "ನೀ ಕೇಳಬೇಕು. ಇಲ್ಲಾಂದ್ರ ಈ ಟೊಪ್ಪಿಗಿ ವಾಪಸ್ ಹುಬ್ಬಳ್ಳಿಗಿ ಹೋಕ್ಕೈತಿ."

"ಹಾಡ್ರಿ ಅಕ್ಕಾ. ನಾ ಎಂದ ಬ್ಯಾಡ ಅಂದೀನಿ?" ಎಂದಳು.

ಮರುದಿನ ಗಂಡಸರು ಹೋದ ಮೇಲೆ ಕೂತೆವು. ಅವಳ ತಲೆಯ ಮೇಲೆ ಟೊಪ್ಪಿಗೆ, ನನ್ನ ಮುಂದೆ ಪೇಟಿ. 'ಹಿತ್ತಲ ಬಾಗಿಲು' ಹಾಡಿದೆ. ಜೀವ ಹಾಕಿ ಹಾಡಿದೆ. ಗುಂಡಿ ಒತ್ತಿದರೆ ಬಂದದ್ದು ಮತ್ತದೇ. ಸಿಹಿ, ಮಸುಕು, ಮೇಲಿನ ಸಾ ಸ್ವರಕ್ಕೆ ಬೆಸುಗೆ. ಪೆಟ್ಟಿಗೆಯ ಪರದೆಯ ಹಸಿರು ಗೆರೆ ಮಲಗಿದಲ್ಲಿಂದ ಏಳಲಿಲ್ಲ.

ಅವಳಿಗೆ ನನ್ನ ಮೇಲೆ ಒಂದು ಕಾಳಿನಷ್ಟೂ ಹೊಟ್ಟೆಕಿಚ್ಚು ಇರಲಿಲ್ಲ. ನಾನು ಇಷ್ಟು ವರ್ಷ ಒಬ್ಬಳೇ ಉರಿದಿದ್ದೆ. ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಪೂರ್ಣಿಮಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅವಳ ಕಣ್ಣು ತುಂಬಿತ್ತು. "ನಾ ಮನಸಿಟ್ಟ ಕೇಳಿದೆ ಅಕ್ಕಾ, ದೇವರಾಣಿ. ನೀವು ಹಾಡೂದು ನನಗ ಮೊದಲಿಂದ ಭಾಳ ಸೇರತೈತಿ, ಅದಕ್ಕ ಹಿಂಗ ಆಗಾಕತ್ತೈತಿ. ಏನ್ ಮಾಡ್ಲಿ? ನನಗೂ ಹೊಟ್ಟಿಕಿಚ್ಚು ಬರೋಹಂಗ ಏನಾರ ಮಾಡ್ರಿ."

ಏನು ಮಾಡಲಿ? ನನ್ನ ಹತ್ತಿರ ಇದ್ದದ್ದೇನು, ಅವಳ ಹತ್ತಿರ ಇಲ್ಲದ್ದು? ಧ್ವನಿ ಅವಳದು. ಶಾಲು ಅವಳದು. ಅತ್ತೆಯ ಅಕ್ಕರೆ ಅವಳದು. ಬೋರಮಾಳ ನಾಳೆ ನನಗೇ ಬಂದರೂ ಅವಳು ಕುಣಿದಾಡಿ ನನ್ನ ಕೊರಳಿಗೆ ತಾನೇ ಹಾಕುವ ಜಾತಿ. ನನ್ನ ಇಡೀ ಸಂಸಾರವನ್ನು ಮನಸ್ಸಿನಲ್ಲೇ ಜಾಲಾಡಿದೆ. ಅಸೂಯೆಗೆ ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಬೇಸರದಿಂದ ಪೇಟಿಯ ತಿದಿ ಒತ್ತಿದೆ. ಬೆರಳುಗಳು ತಮ್ಮಷ್ಟಕ್ಕೆ ತಾವೇ ಇನ್ನೊಂದು ರಾಗಕ್ಕೆ ಹೊರಳಿದವು. ಆ ಚಳಿಗಾಲವೆಲ್ಲ ರೊಟ್ಟಿ ಬಡಿಯುತ್ತಾ ಹಾಕಿದ ರಾಗ ಅದು. ಇನ್ನೂ ಯಾರಿಗೂ ಕೇಳಿಸಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಎರಡು ಸಾಲು ಗುನುಗಿದೆ.

ಪೂರ್ಣಿಮಾ ಮೂಗು ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು.

"ಇದು ಯಾವುದು ಅಕ್ಕಾ?"

"ಹೊಸಾದು."

"ಅಯ್ಯ, ಎಷ್ಟ್ ಚಂದ ಐತಿ! ಯಾವಾಗ ಕಲಸ್ತೀರಿ?"

ಅವಳ ಕೈ ಆಗಲೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನನ್ನ ಯಾವ ರಾಗವನ್ನೂ ನಾನು ಈ ಹುಡುಗಿಗೆ ಇಲ್ಲ ಎಂದಿರಲಿಲ್ಲ. ಕೇಳಿದ್ದನ್ನು ಕೊಟ್ಟಿದ್ದೆ, ಕೇಳದೇ ಇದ್ದದ್ದನ್ನು ಅವಳು ಗೋಡೆಯಾಚೆಯಿಂದ ತೆಗೆದುಕೊಂಡಿದ್ದಳು. ಈ ಮನೆಯಲ್ಲಿ ಹುಟ್ಟುವ ಹಾಡೆಲ್ಲ ತನ್ನ ಗಂಟಲಿಗೇ ಬಂದು ಸೇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳಿಗೆ ಅದು ಗೊತ್ತೇ ಇತ್ತು.

"ಕಲಸೂದಿಲ್ಲ," ಎಂದೆ.

"ಅಂದ್ರ?"

"ಇದು ನಿನಗಲ್ಲ. ಇದನ್ನ ನಾನೊಬ್ಬಾಕೀನ ಹಾಡಾಕೀ. ನೀ ಎಂದೂ ಹಾಡೂದಿಲ್ಲ. ಬಟ್ಟಿ ಒಣಹಾಕೋವಾಗೂ ಹಾಡೂದಿಲ್ಲ. ನನ್ನ ಮ್ಯಾಲಿನ ಆಣಿ ಹಾಕು."

ಅವಳು ನಗಲು ನೋಡಿದಳು. ನಾನು ನಗಲಿಲ್ಲ. ಈಗ ತಮಾಷೆ ಎಂದುಬಿಡುತ್ತಾರೆ ಎಂದು ಕಾದಳು. ನಾನು ಹೇಳಲಿಲ್ಲ. ಪೂರ್ಣಿಮಾಳ ಕೈಯ ತಾಳ ನಿಂತಿತು. ಮುಖದಲ್ಲಿ ಏನೋ ಬಿಗಿಯಿತು, ದವಡೆಯ ಹತ್ತಿರ. ಆ ಬಿಗಿತವನ್ನು ನಾನು ಕನ್ನಡಿಯಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ.

"ಆಣಿ," ಎಂದಳು ಸಣ್ಣಗೆ. "ಆತು. ಹಾಡ್ರಿ. ನೋಡೋಣು, ಅಷ್ಟ ಏನೈತಿ ಅದ್ರಾಗ." ಟೊಪ್ಪಿಗೆಯನ್ನು ಎಳೆದು ಕಿವಿಯವರೆಗೆ ಹಾಕಿಕೊಂಡಳು.

ಹಾಡಿದೆ. ಅವಳು ಕಣ್ಣು ಮಿಟುಕಿಸಲಿಲ್ಲ. ಪ್ರತಿ ತಿರುವಿನಲ್ಲೂ ಅವಳ ತುಟಿ ಅಲುಗಿ, ಆಣೆ ನೆನಪಾಗಿ, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಪರದೆಯ ಹಸಿರು ಗೆರೆ ಎದ್ದಿತು. ಏಳುತ್ತಲೇ ಹೋಯಿತು. ಮೇಲಿನ ಸಾ ಬಂತು. ಎಂದಿನಂತೆ ಒಡೆಯಿತು. ನಾನು ಅಂಜಲಿಲ್ಲ, ಒಡೆದಲ್ಲೇ ನಿಂತು ಮುಗಿಸಿದೆ.

ಗುಂಡಿ ಒತ್ತಿದಾಗ ನನಗೆ ಮೊದಲ ಸಲ ನನ್ನ ಧ್ವನಿ ಕೇಳಿಸಿತು. ಬೆಸುಗೆಯಿಲ್ಲ, ಪಾಕವಿಲ್ಲ, ಮೋಟಾರಿಲ್ಲ. ಕರಕರ ಇತ್ತು, ವಯಸ್ಸು ಇತ್ತು. ಮೇಲಿನ ಸಾ ಒಡೆದದ್ದು ಸ್ಪಷ್ಟವಾಗಿ ಕೇಳಿಸಿತು. ಆದರೆ ಅವಳು ಆ ಒಡಕನ್ನು ತಪ್ಪೆಂದು ಕೇಳಿರಲಿಲ್ಲ. ತನ್ನ ಗಂಟಲಿಗೆ ಎಂದೂ ಬಾರದ ಒಂದು ಒಡವೆಯೆಂಬಂತೆ ಕೇಳಿದ್ದಳು, ಆಸೆಬುರುಕಿಯಂತೆ, ಒಂದು ಚೂರನ್ನೂ ಬಿಡದೆ. ರಾಗ ನನ್ನದು, ಧ್ವನಿ ನನ್ನದು. ಹಾಡು ಇಷ್ಟು ಒಳ್ಳೆಯದೆಂದು ನನಗೇ ಗೊತ್ತಿರಲಿಲ್ಲ. ಪೇಟಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಪೂರ್ಣಿಮಾ ನನ್ನನ್ನು ಸಮಾಧಾನ ಮಾಡಲಿಲ್ಲ. ಟೊಪ್ಪಿಗೆ ತೆಗೆದಿಟ್ಟು, ಕೌದಿ ಸರಿಸಿ, ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುವ ಸದ್ದು ಶುರುವಾಯಿತು. "ಏನಾತಽ ನಿನಗ?" ಎಂದು ಅತ್ತೆ ಕೇಳಿದರು. "ಏನಿಲ್ಲರಿ," ಎಂದು ಅವಳು ಇನ್ನೊಂದು ತಟ್ಟೆ ಕುಕ್ಕಿದಳು.

ಫ್ರಿಜ್ ಹಚ್ಚಲು ಹೋಗಬೇಕಿತ್ತು. ಹಾಲು ಒಡೆದರೆ ಒಡೆಯಲಿ ಎಂದು ಕೌದಿಗಳ ನಡುವೆ ಅಲ್ಲೇ ಕೂತು, ಆ ಪಾತ್ರೆಗಳ ಸದ್ದನ್ನು ಒಂದೂ ಬಿಡದೆ ಕೇಳಿದೆ.